ಹಾವುಮನೆಯ ಬಂಡೆಗೋಡೆ: ಸೀಳು, ಬಿರುಕು, ಸಂದು – ಯಾವುದನ್ನು ಎಲ್ಲಿ ಬಳಸಬೇಕು?

ಪದಗಳ ಬಳಕೆಯನ್ನು ಬಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಸಾಕು ಹಾವಿಗೆ ಅಳತೆಗೆ ತಕ್ಕ ವೈವೇರಿಯಂ (ಹಾವನ್ನು ಇಟ್ಟು ಸಾಕುವ ಮುಚ್ಚಿದ ಪೆಟ್ಟಿಗೆ) ಒಂದನ್ನು ಕೈಯಾರೆ ಕಟ್ಟುವುದು ಹೇಗೆ, ಅದರ ಒಳಗೆ ಹಿಂಬದಿಗೆ ಬಂಡೆಯಂತೆ ಕಾಣುವ ಗೋಡೆಯನ್ನು ಮಾಡಿ ಕೂರಿಸುವುದು ಹೇಗೆ ಎಂಬುದನ್ನು ವಿವರಿಸುವ ಸಣ್ಣ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲಸದ ಕ್ರಮವನ್ನು ಹೇಳುವುದರಲ್ಲಿ ತೊಡಕಿಲ್ಲ. ತೊಡಕಿರುವುದು ಪದಗಳಲ್ಲಿ, ಏಕೆಂದರೆ ಇಲ್ಲಿ ಪದ ತುಸು ಜಾರಿದರೂ ಓದುವವರು ಮುಚ್ಚಬೇಕಾದುದನ್ನು ತೆರೆದಿಡುತ್ತಾರೆ, ಕೊರೆಯಬೇಕಾದುದನ್ನು ಮುಚ್ಚಿಬಿಡುತ್ತಾರೆ. ಆದ್ದರಿಂದ ನೋಡುವವರ ಕಣ್ಣಿಗೆ ವಸ್ತು ಹೇಗೆ ಕಾಣುತ್ತದೆ ಎಂಬುದಕ್ಕಿಂತ ಹಾವಿಗೆ ಅದರಿಂದ ಏನಾಗುತ್ತದೆ ಎಂಬುದನ್ನು ನೋಡಿ ಹೆಸರಿಡುವುದು ಸರಿಯೆಂದು ನನಗೆ ತೋರುತ್ತದೆ. ಈ ನೆಲೆಯಿಂದ ನಾನು ಆರಿಸಿಕೊಂಡ ಪದಗಳನ್ನು ಕೆಳಗೆ ಇಟ್ಟಿದ್ದೇನೆ. ಒಪ್ಪದಿದ್ದರೆ ದಯವಿಟ್ಟು ತಿದ್ದಿ.

ಮೊದಲಿಗೆ ವೈವೇರಿಯಂ. ಜೀವಂತ ಪ್ರಾಣಿಗಳನ್ನು ಇಡುವ ಜಾಗ ಎಂಬುದು ಇದರ ಲ್ಯಾಟಿನ್ ಮೂಲದ ಅರ್ಥ. 1850ರ ದಶಕದಲ್ಲಿ ನೀರಿನ ಜೀವಿಗಳನ್ನು ಇಡುವ ಗಾಜಿನ ತೊಟ್ಟಿಗೂ ಇಂಗ್ಲಿಷಿನಲ್ಲಿ ಇದೇ ಪದವನ್ನು ಬಳಸುತ್ತಿದ್ದರು. ಅಕ್ವೇರಿಯಂ ಎಂಬ ಪದ ನೆಲೆಯೂರಿದ ಮೇಲೆ ಅದು ಆ ಕಡೆಯಿಂದ ಹಿಂದೆ ಸರಿಯಿತು. ಕನ್ನಡದಲ್ಲಿ ಬೋನು ಎಂದರೆ ಹಿಡಿಯುವ ಸಾಧನದ ನೆನಪಾಗುತ್ತದೆ. ಪಂಜರವೆಂದರೆ ಸರಳುಗಳು ಬಂದು ನಿಲ್ಲುತ್ತವೆ, ಆದರೆ ಇಲ್ಲಿ ಶಾಖವನ್ನೂ ತೇವವನ್ನೂ ಒಳಗೆ ಉಳಿಸಿಕೊಳ್ಳುವ ಮುಚ್ಚಿದ ಗೋಡೆಗಳೇ ಮುಖ್ಯ. ತೊಟ್ಟಿ ನೀರನ್ನು ಕರೆತರುತ್ತದೆ, ಉರಗಾಲಯ ಟಿಕೆಟ್ ಕೊಂಡು ನೋಡುವ ಸ್ಥಳವಾಗಿಬಿಡುತ್ತದೆ, ಇನ್ನು ಜೀವಾಲಯ ಎಂದರೆ ಒಳಗೆ ಗಂಟೆ ಬಾರಿಸಬೇಕೇನೋ ಎನಿಸುತ್ತದೆ. ಹಸಿರುಮನೆಯ ಜಾಡಿನಲ್ಲಿ ‘ಹಾವುಮನೆ’ ಎಂದಿಟ್ಟಿದ್ದೇನೆ. ‘ಹಾವಿನ ಮನೆ’ ಎಂದು ಬಿಡಿಸಿ ಬರೆದರೆ ಬಿಲವೋ ಹುತ್ತವೋ ಎಂಬ ಅರ್ಥ ಹೊಳೆಯುವುದರಿಂದ ಸಮಾಸವಾಗಿಯೇ ಇರಲಿ ಎಂಬುದು ನನ್ನ ಎಣಿಕೆ.

ಎರಡನೆಯದು ‘ಹಿನ್ನೆಲೆ’. ಈ ಪದ ಇಂದು ಕಥೆಗೆ, ಗಾಯನಕ್ಕೆ, ಚಿತ್ರಕ್ಕೆ ಹೊಂದಿಕೊಂಡಷ್ಟು ಕಲ್ಲಿಗೆ ಹೊಂದಿಕೊಂಡಿಲ್ಲ. ‘ಕಲ್ಲಿನ ಹಿನ್ನೆಲೆಯನ್ನು ಅಂಟಿಸಿ’ ಎಂದು ಬರೆದರೆ, ಗಾಜಿನ ಹೊರಬದಿಗೆ ಅಂಟಿಸುವ ಅಚ್ಚು ಹಾಕಿದ ಚಿತ್ರವನ್ನೇ ಹೇಳುತ್ತಿದ್ದಾರೆಂದು ಓದುಗರು ತಿಳಿಯುವ ಸಂಭವ ಹೆಚ್ಚು. ನಾನು ಹೇಳುತ್ತಿರುವುದು ದಪ್ಪವೂ ಉಬ್ಬುತಗ್ಗುಗಳೂ ಉಳ್ಳ, ಹಾವು ಏರಿ ಇಳಿಯುವ, ಪೊರೆ ಬಿಡುವ ಕಾಲಕ್ಕೆ ಮೂತಿಯನ್ನು ಉಜ್ಜಿಕೊಳ್ಳುವ ಗೋಡೆಯನ್ನು. ‘ಹಿಂಗೋಡೆ’ ಎನ್ನಬಹುದಿತ್ತು, ಆದರೆ ಪೆಟ್ಟಿಗೆಗೆ ತನ್ನದೇ ಆದ ಹಿಂಗೋಡೆ ಇದ್ದೇ ಇದೆ. ಹಾಗಾಗಿ ನಾವು ಮಾಡಿ ಕೂರಿಸುವುದಕ್ಕೆ ‘ಬಂಡೆಗೋಡೆ’, ಪೆಟ್ಟಿಗೆಯದಕ್ಕೆ ‘ಹಿಂಬದಿಯ ಗಾಜು’ ಅಥವಾ ‘ಹಿಂಬದಿಯ ಹಲಗೆ’ ಎಂದು ಬೇರ್ಪಡಿಸಿದ್ದೇನೆ. ನಿಜವಾದ ಕಲ್ಲು ಇಲ್ಲದಿರುವಾಗ ಬಂಡೆ ಎನ್ನಬಹುದೇ ಎಂಬ ಆಕ್ಷೇಪ ಬರಬಹುದು. ಕಾಗದದ ಹೂವನ್ನೂ ಹೂವೆಂದೇ ಕರೆಯುವುದರಿಂದ ಆ ಆಕ್ಷೇಪ ನನಗೆ ಅಷ್ಟು ದೊಡ್ಡದೆನಿಸಲಿಲ್ಲ.

ಈಗ ನನ್ನ ಮುಖ್ಯ ಪ್ರಶ್ನೆ. ಇದಕ್ಕೆ ಕೆಲಸದ ವಿವರವನ್ನು ಸ್ವಲ್ಪ ಹೇಳಲೇಬೇಕು. ಬಂಡೆಗೋಡೆಯ ಒಡಲು ಥರ್ಮಾಕೋಲ್ ಹಲಗೆಗಳದ್ದು. ಅವುಗಳನ್ನು ಒಂದರ ಮೇಲೊಂದು ಅಂಟಿಸಿ, ಚಾಕುವಿನಿಂದಲೋ ಕಾಯಿಸಿದ ತಂತಿಯಿಂದಲೋ ಕೆತ್ತಿ ಬಂಡೆಯ ಆಕಾರಕ್ಕೆ ತರುತ್ತಾರೆ. ಕೆಲವು ದ್ರಾವಕಗಳಿರುವ ಅಂಟುಗಳು ಥರ್ಮಾಕೋಲನ್ನೇ ಕರಗಿಸುವುದರಿಂದ ಸಿಲಿಕೋನ್ ಬಳಸುವುದು ವಾಡಿಕೆ. ಕೆತ್ತಿದ ಮೇಲೆ ಟೈಲ್ಸ್ ನಡುವೆ ತುಂಬುವ ಗ್ರೌಟನ್ನು ನೀರಿನಲ್ಲಿ ಕಲಸಿ ಬಳಿಯಬೇಕು. ಮೊದಲ ಕೋಟ್ ತೆಳುವಾಗಿದ್ದು ಸಣ್ಣ ಸಣ್ಣ ಕುಳಿಗಳಿಗೆಲ್ಲ ಇಳಿಯಬೇಕು, ಮುಂದಿನವು ದಪ್ಪವಾಗುತ್ತ ಹೋಗಬೇಕು, ಒಂದು ಆರಿದ ಮೇಲೆಯೇ ಇನ್ನೊಂದನ್ನು ಹಾಕಬೇಕು. ಕೊನೆಗೆ ಬಣ್ಣ, ಅದರ ಮೇಲೆ ನೀರು ಹೀರದಂತೆ ತಡೆಯುವ ವಾರ್ನಿಷ್.

ಈ ಕೆಲಸದಲ್ಲಿ ಮೂರು ಬಗೆಯ ಬಿಟ್ಟ ಜಾಗಗಳು ಎದುರಾಗುತ್ತವೆ, ಇಂಗ್ಲಿಷಿನ ವಿವರಣೆಗಳನ್ನು ಕನ್ನಡಿಸುವವರು ಮೂರನ್ನೂ ‘ಬಿರುಕು’ ಎಂದೇ ಬರೆದುಬಿಡುತ್ತಾರೆ. ಒಂದು, ಕಲ್ಲಿನ ಸಹಜತೆ ಬರಲೆಂದು ನಾವೇ ಕೊರೆಯುವ ಗೆರೆಯಂತಹ ತಗ್ಗು. ಇದು ಬೇಕಾದದ್ದು. ಎರಡು, ಗ್ರೌಟ್ ಆರುವಾಗ ಕುಗ್ಗಿ ತಾನಾಗಿ ಮೂಡುವ ಒಡಕು. ಇದನ್ನು ಹಾಗೆಯೇ ಬಿಟ್ಟರೆ ತೇವ ಒಳಕ್ಕೆ ಇಳಿದು ಮೇಲಿನ ಪದರ ಎದ್ದು ಬರುವುದರಿಂದ ಮತ್ತೆ ಬಳಿದು ಮುಚ್ಚಬೇಕು. ಮೂರು, ಬಂಡೆಗೋಡೆಗೂ ಹಿಂಬದಿಯ ಗಾಜಿಗೂ ನಡುವೆ ಉಳಿದುಹೋಗುವ ಕಿರಿದಾದ ಜಾಗ. ಅಪಾಯಕಾರಿಯಾದದ್ದು ಇದೇ. ತಲೆ ನುಗ್ಗುವಷ್ಟು ಜಾಗವಿದ್ದರೆ ಹಾವಿನ ಮೈಯೂ ನುಗ್ಗಲು ಹವಣಿಸುತ್ತದೆ. ಹೀಗೆ ಗೋಡೆಯ ಹಿಂದೆ ಸೇರಿಕೊಂಡ ಹಾವನ್ನು ಹೊರಗೆ ತರಬೇಕಾದರೆ ಇಡೀ ಬಂಡೆಗೋಡೆಯನ್ನು ಕಿತ್ತು ಒಡೆಯಬೇಕಾಗಬಹುದು. ಆದ್ದರಿಂದ ಅಂಚಿನ ಉದ್ದಕ್ಕೂ ಸಿಲಿಕೋನ್ ತುಂಬಿ, ಅದರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಹಾವನ್ನು ಒಳಗೆ ಬಿಡಬಾರದು.

ನನ್ನ ಹಂಚಿಕೆ ಹೀಗಿದೆ: ಕೊರೆದದ್ದು ‘ಸೀಳು’, ತಾನಾಗಿ ಒಡೆದದ್ದು ‘ಬಿರುಕು’, ಎರಡು ವಸ್ತುಗಳ ನಡುವೆ ಉಳಿದದ್ದು ‘ಸಂದು’. ಆಗ ‘ಸೀಳುಗಳನ್ನು ಕೊರೆಯಿರಿ, ಬಿರುಕುಗಳಿಗೆ ಮತ್ತೆ ಗ್ರೌಟ್ ಬಳಿಯಿರಿ, ಸಂದುಗಳನ್ನು ಸಿಲಿಕೋನಿನಿಂದ ತುಂಬಿರಿ’ ಎಂಬ ಒಂದೇ ವಾಕ್ಯದಲ್ಲಿ ಗೊಂದಲವಿಲ್ಲದೆ ಎಲ್ಲವೂ ನಿಲ್ಲುತ್ತದೆ. ಅನುಮಾನವಿರುವುದು ಎರಡು ಕಡೆ. ಸೀಳು ಎಂಬುದು ಮೇಲಿನಿಂದ ಕೆಳಗಿನವರೆಗೆ ಇಬ್ಭಾಗವಾದದ್ದನ್ನು ಸೂಚಿಸುವುದೇ, ಅಥವಾ ಅರ್ಧ ಬೆರಳು ಆಳದ ಗೆರೆಗೂ ಸಲ್ಲುವುದೇ? ಹಾಗೆಯೇ ‘ಸಂದು’ ಎಂದರೆ ಕೀಲು ಎಂಬ ಅರ್ಥವೂ ಬಳಕೆಯಲ್ಲಿರುವುದರಿಂದ ‘ಸಂದಿ’ ಎಂದೇ ಬರೆಯುವುದು ಲೇಸೇ? ನನ್ನ ಕಿವಿಗೆ ಸಂದಿಯಲ್ಲಿ ಮನುಷ್ಯರು ನಡೆಯುವ ಓಣಿ ಕೇಳಿಸುತ್ತದೆ.

‘ಕೋಟ್’ ಎಂಬುದನ್ನು ಹಾಗೆಯೇ ಉಳಿಸಿದ್ದೇನೆ, ಬಣ್ಣ ಬಳಿಯುವವರೆಲ್ಲ ಹಾಗೆಯೇ ಹೇಳುತ್ತಾರೆ. ತೆಳುವಾದ ಕೋಟಿಗೆ ‘ಪೊರೆ’ ಎಂಬ ಪದ ಎಷ್ಟೇ ಚೆಂದವಾಗಿ ಕಂಡರೂ ಹಾವಿನ ಕುರಿತ ಬರಹದಲ್ಲಿ ಅದನ್ನು ಹಾವಿಗೇ ಬಿಟ್ಟುಕೊಡಬೇಕು. ಗ್ರೌಟಿಗೆ ‘ಗಾರೆ’ ಎನ್ನಲು ಮನಸ್ಸು ಬರಲಿಲ್ಲ. ಗಾರೆ ಎಂದೊಡನೆ ಸುಣ್ಣ ಕಲಸಲು ಹೊರಡುವವರೂ ಇರಬಹುದು.

ಗೋಡೆಯಿಂದ ಹೊರಕ್ಕೆ ನಿಂತ ಕಲ್ಲಿಗೆ ‘ಚಾಚು’ ಎಂದಿದ್ದೇನೆ. ಬೆಳೆದ ಬಾಲ್ ಪೈಥಾನ್ (ಸಾಕುವ ಸಣ್ಣ ಜಾತಿಯ ಹೆಬ್ಬಾವು) ಸಾಮಾನ್ಯವಾಗಿ 1ರಿಂದ 2 ಕಿಲೋಗ್ರಾಂ ತೂಗುವುದರಿಂದ, ಆ ಭಾರ ಹೊರಬೇಕಾದ ಚಾಚನ್ನು ಗೋಡೆಯೊಳಗೆ ಆಳವಾಗಿ ಕೂರಿಸಬೇಕು. ಅಡಗಿಕೊಳ್ಳುವ ಜಾಗಕ್ಕೆ ‘ಅಡಗುತಾಣ’ ಎಂದರೆ ಪೊಲೀಸರು ಸುತ್ತುವರಿದಂತಾಗುತ್ತದೆ, ‘ಗವಿ’ ತೀರ ದೊಡ್ಡದಾಯಿತು. ಮೈ ಸುರುಳಿ ಸುತ್ತಿದಾಗ ಸುತ್ತಲೂ ತಾಗುವಷ್ಟು ಇಕ್ಕಟ್ಟಾಗಿದ್ದರೆ ಹಾವಿಗೆ ನೆಮ್ಮದಿ, ಅಂತಹದು ಬೆಚ್ಚಗಿನ ಬದಿಗೊಂದು ತಂಪಾದ ಬದಿಗೊಂದು ಬೇಕು. ಆ ಇಕ್ಕಟ್ಟು ‘ಪೊಟರೆ’ಯಲ್ಲಿ ಇದೆ. ಅದು ಮರಕ್ಕೆ ಮಾತ್ರ ಸಲ್ಲುವ ಪದವೆಂದು ಕೆಲವರು ಹೇಳಬಹುದು, ಆದರೆ ‘ಕಲ್ಲಿನ ಪೊಟರೆ’ ಎಂಬುದು ನನಗೆ ಅಸಹಜವೆನಿಸುವುದಿಲ್ಲ.

‘ಬಿಸಿಕಲ್ಲು’ ಎಂಬುದನ್ನು ಮಾತ್ರ ಕೈಬಿಡಲೇಬೇಕೆಂದು ತೀರ್ಮಾನಿಸಿದ್ದೇನೆ. ದೀಪದ ಶಾಖಕ್ಕೆ ಕಾದು, ಆಮೇಲೆ ನಿಧಾನವಾಗಿ ಆರುವ ಸಾದಾ ಚಪ್ಪಡಿ ಒಂದು. ಒಳಗೆ ವಿದ್ಯುತ್ ತಂತಿಯಿದ್ದು ತಾನೇ ಕಾಯುವ ಕೃತಕ ಕಲ್ಲು ಇನ್ನೊಂದು. ಎರಡನ್ನೂ ಬಿಸಿಕಲ್ಲು ಎನ್ನಬಹುದು. ಮೊದಲನೆಯದು ಹಾವಿಗೆ ಹಿತ. ಎರಡನೆಯದರ ಮೇಲ್ಮೈ ಕೆಲವೆಡೆ ಅತಿಯಾಗಿ ಕಾದು ಹೊಟ್ಟೆಯ ಕೆಳಭಾಗವನ್ನು ಸುಟ್ಟ ಪ್ರಸಂಗಗಳು ಸಾಕಷ್ಟಿವೆ, ಏಕೆಂದರೆ ಅಡಿಯಿಂದ ಸುಡುತ್ತಿರುವಾಗಲೂ ಹಾವು ಎಷ್ಟೋ ಸಲ ಅಲ್ಲಿಂದ ಸರಿಯುವುದಿಲ್ಲ. ಕಾರ್ನ್ ಸ್ನೇಕ್ ಎಂಬ ಸಾಕು ಹಾವಿಗೆ ಬೆಚ್ಚಗಿನ ಬದಿಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು, ಅದನ್ನು ಕಾಯ್ದುಕೊಳ್ಳಲು ಶಾಖವನ್ನು ತಾನಾಗಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಬೇಕೇ ಬೇಕು. ಹೀಗಾಗಿ ಮೊದಲನೆಯದಕ್ಕೆ ‘ಮೈಕಾಯಿಸುವ ಚಪ್ಪಡಿ’ ಎಂದೂ ಎರಡನೆಯದಕ್ಕೆ ‘ವಿದ್ಯುತ್ ಕಲ್ಲು’ ಎಂದೂ ಬರೆದಿದ್ದೇನೆ. ಚಪ್ಪಡಿ ಭಾರವಾಗಿದ್ದರೆ ಅದನ್ನು ಹರಡಿದ ಮಣ್ಣಿನ ಮೇಲಲ್ಲ, ಪೆಟ್ಟಿಗೆಯ ತಳದ ಮೇಲೆಯೇ ನೇರವಾಗಿ ಕೂರಿಸಬೇಕು. ಇಲ್ಲವಾದರೆ ಅಡಿಯ ಮಣ್ಣನ್ನು ಸರಿಸಿಕೊಂಡು ನುಗ್ಗಿದ ಹಾವಿನ ಮೇಲೆ ಅದು ಕುಸಿಯಬಹುದು.

ಉಳಿದದ್ದು ಬಣ್ಣದ ಕೆಲಸದ ಒಂದು ಪದ. ಕುಂಚವನ್ನು ಬಣ್ಣಕ್ಕೆ ಅದ್ದಿ, ಬಟ್ಟೆಗೆ ಒರೆಸಿ ಬಹುಮಟ್ಟಿಗೆ ಒಣಗಿಸಿ, ಆಮೇಲೆ ಉಬ್ಬಿದ ಅಂಚುಗಳಿಗೆ ಮಾತ್ರ ತಾಗುವಂತೆ ಹಗುರವಾಗಿ ಎಳೆಯುವ ವಿಧಾನವಿದೆ. ಸೀಳುಗಳ ಒಳಗೆ ಕಪ್ಪು ಉಳಿದು ಅಂಚುಗಳು ಬೆಳಗುವುದು ಇದರಿಂದಲೇ. ‘ಒಣಕುಂಚ’ ಎಂದು ನಾನು ಕಟ್ಟಿಕೊಂಡ ಪದ ತೊಳೆದು ಒಣಗಿಸಿದ ಕುಂಚವೆಂಬ ಅರ್ಥವನ್ನೂ ಕೊಡುತ್ತದೆ. ಪರದೆ ಬರೆಯುವವರಲ್ಲಿ ಅಥವಾ ಮೂರ್ತಿಗಳಿಗೆ ಬಣ್ಣ ಹಾಕುವವರಲ್ಲಿ ಇದಕ್ಕೆ ರೂಢಿಯ ಮಾತೊಂದು ಇರಲೇಬೇಕು. ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.