ಸೆಟ್ ಇಲ್ಲದ ನಾಟಕ ಉಡುಪಿಯಲ್ಲಿ ಓಡೀತಾ?

ಮಲ್ಪೆ ಮಾವ:
ನಾವು ಉಡುಪಿಯ ಹತ್ತು ಜನ, ಸಂಜೆ ಕೆಲಸ ಮುಗಿಸಿ ನಾಟಕ ಮಾಡುವವರು. ಈ ಸಲ ಥಾರ್ನ್‌ಟನ್ ವೈಲ್ಡರ್ ಬರೆದ ‘ಅವರ್ ಟೌನ್’ ಕನ್ನಡದಲ್ಲಿ ಮಾಡೋಣ ಅಂತ ನನ್ನ ಹಟ. 1938ರ ಅಮೆರಿಕದ ನಾಟಕ. ಪರದೆ ಇಲ್ಲ, ಸೆಟ್ ಇಲ್ಲ. ಮೇಜು, ಕುರ್ಚಿ, ಎರಡು ಏಣಿ, ಅಷ್ಟೇ. ಹಾಲಿನವನು ಕುದುರೆ ಜೊತೆ ಬರುತ್ತಾನೆ, ಕುದುರೆ ಕಾಣುವುದಿಲ್ಲ! ತಂಡದ ಹಿರಿಯರೊಬ್ಬರು “ಟಿಕೆಟ್ ತೆಗೊಂಡು ಬಂದವರಿಗೆ ಖಾಲಿ ಸ್ಟೇಜ್ ತೋರಿಸುವುದಾ?” ಅಂತ ಕೇಳಿದರು. ಹೋದ ವರ್ಷ ನಮ್ಮ ಥರ್ಮೋಕೋಲ್ ಅರಮನೆ ಎರಡನೇ ದೃಶ್ಯದಲ್ಲೇ ಮಗುಚಿ ಬಿದ್ದದ್ದು ಅವರಿಗೆ ಮರೆತುಹೋಗಿದೆ. ಸ್ಟೇಜಿನಲ್ಲಿ ಸಾಮಾನು ತುಂಬಿದಷ್ಟೂ ಕಥೆ ಒಂದೇ ಊರಿಗೆ, ಒಂದೇ ಕಾಲಕ್ಕೆ ಕಟ್ಟಿಬೀಳುತ್ತದೆ ಅನ್ನುವುದು ವೈಲ್ಡರ್ ವಾದ. ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮವರಿಗೂ ಇದನ್ನು ಬಿಡಿಸಿ ಹೇಳಬೇಕಾ?

ಚೌಕಿಮನೆ:
ಬೇಡ. ವೈಲ್ಡರ್ ಹುಡುಗನಾಗಿದ್ದಾಗ ಸ್ವಲ್ಪ ಕಾಲ ಚೀನಾದಲ್ಲಿದ್ದವರು. ಅಲ್ಲಿನ ನಾಟಕದಲ್ಲಿ ಕೋಲಿನ ಮೇಲೆ ಕಾಲು ಹಾಕಿದರೆ ಅದೇ ಕುದುರೆ, ಜಪಾನಿನ ನೋ ನಾಟಕದಲ್ಲಿ ಸ್ಟೇಜಿಗೆ ಒಂದು ಸುತ್ತು ಬಂದರೆ ದೂರದ ಪ್ರಯಾಣ ಅಂತ ಬರೆದಿದ್ದಾರೆ. ಬಯಲಾಟದಲ್ಲೂ ಹಾಗೇ ಅಲ್ವಾ? ರಂಗಸ್ಥಳಕ್ಕೆ ಒಂದು ಸುತ್ತು ಹೊಡೆದರೆ ದೇವಲೋಕ ಬಂತು. ಕಥೆ ನಡೆಸುವ ಆ ಸ್ಟೇಜ್ ಮ್ಯಾನೇಜರನ್ನು ಭಾಗವತರನ್ನಾಗಿ ಮಾಡಿಬಿಡಿ.

ಮದ್ದಳೆ ಮಾಣಿ:
ಸ್ವಲ್ಪ ತಡೀರಿ. ರಂಗಸ್ಥಳ ಖಾಲಿ ಅಂದವರು ಯಾರು? ಕಿರೀಟ, ಬಣ್ಣ, ಚೆಂಡೆ ಸೇರಿ ಕಣ್ಣು ಕಿವಿ ಎರಡೂ ತುಂಬಿರುತ್ತವೆ. ವೈಲ್ಡರ್ ಜನ ಬೀನ್ಸಿನ ನಾರು ತೆಗೆಯುವ ಹೆಂಗಸರು, ಪೇಪರ್ ಹಾಕುವ ಹುಡುಗರು. ಇದಕ್ಕೆ ತಾಳಮದ್ದಳೆಯೇ ಹತ್ತಿರ. ಅಲ್ಲಿ ಶಾಲು ಹೊದ್ದು ಕೂತವರು ಬರೀ ಮಾತಲ್ಲಿ ಕುರುಕ್ಷೇತ್ರ ತೋರಿಸುತ್ತಾರೆ. ಇಲ್ಲಿ ಮೂರನೇ ಅಂಕದಲ್ಲಿ ಸತ್ತವರು ಸಾಲಾಗಿ ಕುರ್ಚಿಯಲ್ಲಿ ಕೂರುತ್ತಾರೆ, ಅದೇ ಸ್ಮಶಾನ. ಆ ಮ್ಯಾನೇಜರ್ ಮಾತ್ರ ಹಾಡಬಾರದು. ಅಂಗಡಿ ಬಾಗಿಲಲ್ಲಿ ನಿಂತು ಊರಿನ ಸುದ್ದಿ ಹೇಳುವವನ ಹಾಗಿರಲಿ. ಈ ಪೇಪರ್ ಹುಡುಗ ಮುಂದೆ ಯುದ್ಧದಲ್ಲಿ ಸತ್ತ ಅಂತ ಮೊದಲ ಅಂಕದಲ್ಲೇ ಸುಮ್ನೆ ಹೇಳಿ ಮುಂದೆ ಹೋಗುತ್ತಾನೆ. ಅಲ್ಲಿ ರಾಗ ಎಳೆದರೆ ಕೆಟ್ಟಿತು.

ಮಲ್ಪೆ ಮಾವ:
ನಿನ್ನೆ ಮಾಡಿ ನೋಡಿದೆವು. ಬೀನ್ಸ್ ಬಿಟ್ಟು ಬಂಗುಡೆ ಕೊಯ್ಯುವುದು ಇಟ್ಟೆ. ಮೀನೂ ಇಲ್ಲ, ಮೆಟ್ಟುಕತ್ತಿಯೂ ಇಲ್ಲ, ಕೈ ಮಾತ್ರ. ಹಿರಿಯರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ “ಒಂದು ಬೆಕ್ಕೂ ಸುತ್ತ ಬರಬೇಕಿತ್ತು ಮಾರಾಯ, ಕಾಣದಿದ್ದರೂ ಅಡ್ಡಿಯಿಲ್ಲ” ಅಂದರು.