ಅಪ್‌ಡೇಟ್: ಮಗನ ಈಗಲ್ ಸ್ಕೌಟ್ ಸಂದರ್ಶನ ಮುಗಿಯಿತು

ಈಗಲ್ ಸ್ಕೌಟ್ ಅಂದ್ರೆ ಅಮೆರಿಕದ ಸ್ಕೌಟ್‌ಗಳ ಅತ್ಯುನ್ನತ ದರ್ಜೆ. ಅದರ ಕೊನೆಯ ಸಂದರ್ಶನವಾದ ಬೋರ್ಡ್ ಆಫ್ ರಿವ್ಯೂಗೆ ಮಗನನ್ನು ಹೇಗೆ ತಯಾರು ಮಾಡಲಿ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. 21 ಮೆರಿಟ್ ಬ್ಯಾಡ್ಜ್‌ಗಳ (ಒಂದೊಂದು ವಿಷಯ ಕಲಿತಾಗ ಸಿಗುವ ಬ್ಯಾಡ್ಜ್) ಪಾಠವನ್ನೂ ಮತ್ತೆ ಓದಿಸಬೇಕಾ ಅನ್ನೋದೇ ನನ್ನ ಚಿಂತೆ. ಬೇಡ, ಇದು ಮರುಪರೀಕ್ಷೆ ಅಲ್ಲ ಅಂದಿರಿ. ನಿಜ, ಗಂಟು ಹಾಕಿ ತೋರಿಸು ಅಂತ ಯಾರೂ ಕೇಳಲಿಲ್ಲವಂತೆ. ಅವನು ಮುಂದೆ ನಿಂತು ಮಾಡಿಸಿದ ಸೇವಾ ಪ್ರಾಜೆಕ್ಟ್ ಬಗ್ಗೆಯೇ ಜಾಸ್ತಿ ಮಾತು. ಎಲ್ಲಿ ಎಡವಿದೆ ಅಂದಾಗ, ಬೆಂಚಿನ ಹಲಗೆ ಒಂದು ಗೇಣು ಗಿಡ್ಡ ಕೊಯ್ದಿದ್ದು, ಚಿಕ್ಕ ಹುಡುಗರ ಮೇಲೆ ರೇಗಿ ಆಮೇಲೆ ಸಾರಿ ಕೇಳಿದ್ದು, ಎಲ್ಲ ಹೇಳಿದನಂತೆ. ತಪ್ಪು ಮುಚ್ಚಿಡಬೇಡ ಅನ್ನಿ ಅಂತ ನೀವು ಹೇಳಿದ್ದು ತುಂಬ ಒಳ್ಳೆಯದಾಯ್ತು.

ಹೆತ್ತವರು ಒಳಗೆ ಕೂರದಿರೋದೇ ಒಳ್ಳೆಯದು ಅಲ್ವಾ, ನಾನು ಹೊರಗೇ ಕಾದೆ. ಸದಸ್ಯರೆಲ್ಲ ಒಮ್ಮತದಿಂದ ಒಪ್ಪಬೇಕು. ಒಪ್ಪಿದರು! ಹೊರಗೆ ಬಂದವನ ಕೈ ಹಿಡಿದೆ, ಇನ್ನೂ ತಣ್ಣಗಿತ್ತು.