ಅಪ್‌ಡೇಟ್: ಕೊಡಗಿನ ಮಳೆಯಲ್ಲಿ ಸ್ಪಿರುಲಿನಾ ತೊಟ್ಟಿ

ಟಬ್‌ನಲ್ಲಿ ಬೆಳೆಸುತ್ತಿರುವ ಸ್ಪಿರುಲಿನಾವನ್ನು (ಒಣಗಿಸಿ ಆಹಾರವಾಗಿ ಬಳಸುವ ನೀಲಿ-ಹಸಿರು ಪಾಚಿ) ದೊಡ್ಡ ತೊಟ್ಟಿಗೆ ಹಾಕಿದರೆ ನಮ್ಮ ಪೊನ್ನಂಪೇಟೆ ಮಳೆಗಾಲ ತಡೆಯುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮಳೆಗಾಲದಲ್ಲಿ ಸ್ಪಿರುಲಿನಾ ಸಾಯಲಿಲ್ಲ, ಆದರೆ ಬೆಳವಣಿಗೆ ಬಹಳ ನಿಧಾನ. ಇದಕ್ಕೆ 30ರಿಂದ 35 ಡಿಗ್ರಿ ಬೆಚ್ಚಗಿನ ನೀರು ಬೇಕು, ಜುಲೈಯಲ್ಲಿ ಇಲ್ಲಿ ಬಿಸಿಲು ಕಂಡರೆ ಅದೇ ಹಬ್ಬ. ಹಾಗಾಗಿ ದೊಡ್ಡ ತೊಟ್ಟಿಯನ್ನು ಕುಶಾಲನಗರದ ಕಡೆ ಭಾವನ ಜಾಗದಲ್ಲಿ ಕಟ್ಟಿದೆವು. ಅಲ್ಲಿ ಮಳೆ ಎಷ್ಟೋ ಕಡಿಮೆ. ಆದರೂ ಮೇಲೆ ಪಾಲಿಹೌಸ್ ಶೀಟ್ (ಬೆಳಕು ಬಿಡುವ ಪ್ಲಾಸ್ಟಿಕ್ ಹೊದಿಕೆ) ಬೇಕೇ ಬೇಕು. ಮಳೆನೀರು ಬಿದ್ದು ತೊಟ್ಟಿ ನೀರಿಗೆ ಹಾಕಿದ ಸೋಡಾ ತೆಳುವಾಗಿ ಪಿಎಚ್ (ನೀರಿನ ಕ್ಷಾರದ ಮಟ್ಟ) 9ಕ್ಕಿಂತ ಇಳಿದರೆ ಬೇರೆ ಪಾಚಿಗಳು ನುಗ್ಗುತ್ತವೆ. ನೀರಿನ ಆಳ ಒಂದಡಿಗಿಂತ ಕಡಿಮೆ. ಪ್ಯಾಡಲ್ ಚಕ್ರ ಹಗಲೆಲ್ಲ ತಿರುಗುತ್ತೆ, ಇಲ್ಲದಿದ್ದರೆ ಮೇಲಿನ ಪದರ ದಟ್ಟವಾಗಿ ಕೆಳಗಿನದಕ್ಕೆ ಬೆಳಕೇ ಸಿಗಲ್ಲ.

ನಿಜವಾದ ತಲೆನೋವು ಒಣಗಿಸುವುದು. ಬಟ್ಟೆಯಲ್ಲಿ ಸೋಸಿ, ಹಿಂಡಿ, ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಒರಳಲ್ಲಿ ಹಾಕಿ ಎಳೆ ಎಳೆಯಾಗಿ ಟ್ರೇ ಮೇಲೆ ಒತ್ತುತ್ತೇವೆ (ಅಮ್ಮ ಹೊಸ ಒರಳು ತರಿಸಿಕೊಂಡಿದ್ದಾರೆ, ಹಳೆಯದು ವಾಪಸ್ ಬೇಡವಂತೆ). ಡ್ರೈಯರ್ 60 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಬಿಸಿ ಜಾಸ್ತಿಯಾದರೆ ನೀಲಿ ಬಣ್ಣದ ಫೈಕೋಸಯನಿನ್ ಹಾಳಾಗುತ್ತೆ, ಒಳ್ಳೆ ಬೆಲೆ ಸಿಗುವುದೇ ಅದಕ್ಕೆ.

ಲೇಬಲ್ ಮೇಲೆ ವಿಟಮಿನ್ ಬಿ12 ಅಂತ ದೊಡ್ಡದಾಗಿ ಹಾಕು ಅಂದವರಿಗೆ: ಹಾಕಲ್ಲ. ಇದರಲ್ಲಿರುವುದು ಬಹುಪಾಲು ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ಬಿ12. ಶೇ. 60ರ ಆಸುಪಾಸು ಪ್ರೋಟೀನ್ ಇದೆ, ಅಷ್ಟು ಹೇಳಿದರೆ ಸಾಕಲ್ವಾ?

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್, ಲ್ಯಾಬ್ ರಿಪೋರ್ಟ್ ಎರಡೂ ಕೈಗೆ ಬರುವ ತನಕ ಮಾರಾಟ ಇಲ್ಲ. ಸುಮ್ನೆ ಸ್ಯಾಂಪಲ್ ಕೇಳಬೇಡಿ.